ಗಾಜಿನ ಪೆಟ್ಟಿಗೆಯ ಬಿಳಿ ಶೂ

ಶೂ ಕೂಡಿಡುವ ಹುಚ್ಚು ಹತ್ತಿಸಿಕೊಳ್ಳುವವನು ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಬಾರದು. ನಾನು ಹುಟ್ಟಿದ್ದೇನೆ. ಇಲ್ಲಿ ಯಾರ ಮನೆಗೆ ಹೋದರೂ ಮೊದಲು ಕಾಲಿನದ್ದನ್ನು ಹೊಸ್ತಿಲಾಚೆ ಬಿಡಬೇಕು. ಮಠದಲ್ಲಿ ಮೆಟ್ಟಿಲ ಕೆಳಗೆ ಬಿಡಬೇಕು, ಮದುವೆಯಲ್ಲಿ ಅಕ್ಕಿಕಾಳು ಹಾಕಲು ಮಂಟಪ ಹತ್ತುವ ಮುಂಚೆ ಬಿಡಬೇಕು, ಸೀರೆ ಅಂಗಡಿಯಲ್ಲಿ ಬಿಳಿ ಗಾದಿಯ ಮುಂದೆ ಬಿಡಬೇಕು. ಕೆಲವು ಡಾಕ್ಟರ ಬಳಿ ಹಲ್ಲು ಕೀಳಿಸಿಕೊಳ್ಳುವುದಕ್ಕೂ ಬರಿಗಾಲಲ್ಲೇ ಹೋಗಬೇಕು. ಬೇರೆ ಊರುಗಳ ಶೂ ಪ್ರೇಮಿಗಳು ತಮ್ಮ ಕಾಲು ತೋರಿಸಿ ಜನರ ಹೊಟ್ಟೆ ಉರಿಸುತ್ತಾರಂತೆ. ನಾವು ಒಳಗೆ ಕೂತು ಮಂಡಕ್ಕಿ ತಿನ್ನುವಾಗ ನಮ್ಮ ಶೂ ಹೊರಗೆ ಹವಾಯಿ ಚಪ್ಪಲಿಗಳ ರಾಶಿಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ. ಅದನ್ನು ನೋಡುವ ಭಾಗ್ಯ ಬೀದಿ ನಾಯಿಗಳಿಗೆ ಮಾತ್ರ. ಅವು ಬರೀ ನೋಡಿ ಸುಮ್ಮನಾಗುವುದಿಲ್ಲ.

ಅದೂ ಸಾಲದು ಅಂತ ನನ್ನ ಹೊಟ್ಟೆಪಾಡು ಗೊಬ್ಬರದ ಅಂಗಡಿ. ಯೂರಿಯಾ, ಡಿಎಪಿ, ಬೀಜ, ಕೀಟನಾಶಕ. ಮೂಟೆ ಇಳಿಸಿದ ದಿನ ಪೊಟ್ಯಾಷ್‌ನ ಕೆಂಪು ಧೂಳು ಹುಬ್ಬಿನ ಮೇಲೂ ಕೂರುತ್ತದೆ. ಇಂಥ ಅಂಗಡಿಯ ಗಲ್ಲಾದಲ್ಲಿ ಕೂರುವವನಿಗೆ ಬಿಳಿ ಶೂ ಮೇಲೆ ಯಾಕೆ ಮನಸ್ಸಾಯಿತು ಎಂದು ಹೆಂಡತಿ ಕೇಳುತ್ತಾಳೆ. ಇಂಥ ಅಂಗಡಿಯಲ್ಲಿ ಕೂರುವುದರಿಂದಲೇ ಆಯಿತು ಎಂದು ನಾನು ಹೇಳುತ್ತೇನೆ. ಜಗತ್ತಿನಲ್ಲಿ ಯಾವುದಾದರೂ ಒಂದು ವಸ್ತು ಗೊಬ್ಬರ ಮುಟ್ಟದೆ ಬೆಳ್ಳಗಿರಲಿ ಎಂಬ ಆಸೆ ಅದು. ಹೆಂಡತಿ ಇದನ್ನು ಒಪ್ಪಿಲ್ಲ.

ಶುರುವಿನಲ್ಲಿ ನಾನೂ ಶೂಗಳನ್ನು ಹಾಕಿಕೊಂಡು ಓಡಾಡಿದವನೇ. ಹೊಸದುರ್ಗದಲ್ಲಿ ನಡೆದ ನಂಟರ ಮದುವೆಯೊಂದಕ್ಕೆ ಬಿಳಿ ಪಂಚೆ, ಬಿಳಿ ಶರ್ಟು, ಕಾಲಿಗೆ ದಪ್ಪ ಅಟ್ಟೆಯ ಕಿತ್ತಳೆ ಬಣ್ಣದ ಸ್ನೀಕರ್ ಹಾಕಿ ಹೋದೆ. ಫೋನಿನಲ್ಲಿ ನೋಡಿದ ಯಾವನೋ ಮಾಡೆಲ್ ಹಾಗೆ ಹಾಕಿದ್ದ, ಅವನಿಗೆ ಒಪ್ಪಿತ್ತು. ಅವನ ಹೊಟ್ಟೆ ಪಂಚೆಯ ಒಳಗಿತ್ತು ಎಂಬುದನ್ನು ನಾನು ಗಮನಿಸಿರಲಿಲ್ಲ. ಮದುವೆಮನೆಯ ಬಾಗಿಲಲ್ಲಿ ಹಿರಿಯರೊಬ್ಬರು ನನ್ನ ಕಾಲನ್ನೇ ನೋಡಿ ಕರಗಿಹೋದರು.

"ಬರ್ರಿ ಬರ್ರಿ, ಕುರ್ಚಿ ಮೇಲೆ ಕುಂತ್ಕಳ್ರಿ. ಯಾವಾಗ ಪೆಟ್ಟಾತು?" ಎಂದರು.

"ಏನೂ ಆಗಿಲ್ಲ ಯಜಮಾನ್ರೆ."

"ಮತ್ತೆ ಡಾಕ್ಟ್ರು ಯಾಕೆ ಇಂಥದ್ದು ಬರ್ದುಕೊಟ್ಟವ್ರೆ? ನಮ್ಮ ಬೀಗ್ರಿಗೂ ಸೊಂಟದ ಆಪ್ರೇಸನ್ ಆದಮ್ಯಾಲೆ ಹಿಂಗೇ ದಪ್ಪಂದು ಕೊಟ್ಟಿದ್ರು."

ಆಮೇಲೆ ಊಟದ ಹೊತ್ತಿನವರೆಗೆ ನನ್ನ ಕಾಲಿನ ಸಮಾಚಾರ ವಿಚಾರಿಸದ ನಂಟರಿರಲಿಲ್ಲ. ಊಟಕ್ಕೆ ನನ್ನನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಫ್ಯಾಷನ್‌ನಿಂದ ನನಗೆ ಆದ ಲಾಭ ಅಂತ ಇದ್ದರೆ ಅದೊಂದೇ.

ಇನ್ನೊಂದು ಸಲ ಸಿರಿಗೆರೆ ಮಠದಲ್ಲಿ ದೊಡ್ಡ ಸಮಾರಂಭ. ಹೊರಗೆ ಬಿಟ್ಟರೆ ಶೂ ಸಿಗುವುದಿಲ್ಲ ಎಂದು ಬಟ್ಟೆ ಚೀಲದೊಳಗೆ ಹಾಕಿ ಕಂಕುಳಲ್ಲಿ ಇಟ್ಟುಕೊಂಡು ಸಭೆಯಲ್ಲಿ ಕೂತೆ. ಪಕ್ಕದಲ್ಲಿದ್ದ ಹೆಂಗಸು ಚೀಲ ನೋಡಿ, "ಇಲ್ಲೇ ಪ್ರಸಾದ ಐತಲ್ಲಪ್ಪ, ಬುತ್ತಿ ಯಾಕೆ ಕಟ್ಕಂಡು ಬಂದೆ?" ಎಂದು ಪ್ರೀತಿಯಿಂದ ಕೇಳಿದರು. ಏನು ಬುತ್ತಿ ಎಂದೂ ಕೇಳಿದರು. ರೊಟ್ಟಿ ಎಂದೆ. ಆ ಇಡೀ ಪ್ರವಚನದಲ್ಲಿ ನಾನು ಕೇಳಿಸಿಕೊಂಡದ್ದು ನನ್ನ ಎದೆ ಬಡಿತ ಮಾತ್ರ.

ಹೀಗೆ ಹಾಕಿಕೊಂಡು ಮಾನ ಕಳೆದುಕೊಂಡ ಮೇಲೆ ಹಾಕಿಕೊಳ್ಳದೆ ಇಟ್ಟುಕೊಳ್ಳುವ ಹಂತಕ್ಕೆ ಬಂದೆ. ಆಗಲೇ ಗೊತ್ತಾದದ್ದು, ನಿಜವಾದ ಸಂಗ್ರಹ ಅಂದರೆ ಅದೇ ಅಂತ. ವಾಟ್ಸ್ಆ್ಯಪ್‌ನಲ್ಲಿ ನಮ್ಮದೊಂದು ಗುಂಪಿದೆ. ಹಿರಿಯೂರಿನ ಮೆಡಿಕಲ್ ಶಾಪಿನವನೊಬ್ಬ, ಹೊಸದುರ್ಗದ ಪಿ.ಟಿ. ಮೇಷ್ಟ್ರೊಬ್ಬರು, ಬಬ್ಬೂರು ಫಾರಂನಲ್ಲಿ ಕೆಲಸಕ್ಕಿರುವ ಒಬ್ಬ, ಮತ್ತೆ ನಾನು. ಶೂ ಜೊತೆ ಬಂದ ಡಬ್ಬಿಯನ್ನು, ಡಬ್ಬಿಯೊಳಗಿನ ಪೇಪರನ್ನು, ಪೇಪರಿನೊಳಗಿನ ತೇವ ಹೀರುವ ಪುಡಿ ಪೊಟ್ಟಣವನ್ನು ಕೂಡ ಎಸೆಯಬಾರದು ಎಂಬುದು ಗುಂಪಿನ ಮೊದಲ ಪಾಠ. ಆಗೀಗ ಹಿರಿಯೂರು ಬೈಪಾಸಿನ ಹೋಟೆಲೊಂದರಲ್ಲಿ ಸೇರುತ್ತೇವೆ. ಡಬ್ಬಿಗಳನ್ನು ಟೇಬಲ್ ಮೇಲೆ ಇಟ್ಟು, ಮುಚ್ಚಳ ತೆಗೆದು, ಮೂಸಿ, ಮತ್ತೆ ಮುಚ್ಚುತ್ತೇವೆ. "ತಿನ್ನೋ ಜಾಗದಾಗೆ ಕೆರ ಇಡಬ್ಯಾಡ್ರಿ ಸಾರ್" ಎಂದು ಸಪ್ಲೈಯರ್ ಪ್ರತಿ ಸಲವೂ ಹೇಳುತ್ತಾನೆ. ಹೊಸದಾಗಿ ಬರುವ ಶೂಗಳಿಗೆ ಆನ್‌ಲೈನಿನಲ್ಲಿ ಲಾಟರಿ ಎತ್ತುತ್ತಾರೆ. ಬೇರೆ ಲಾಟರಿಗಳಲ್ಲಿ ಗೆದ್ದವನಿಗೆ ದುಡ್ಡು ಬರುತ್ತದೆ, ಇದರಲ್ಲಿ ಗೆದ್ದವನು ದುಡ್ಡು ಕೊಡಬೇಕು. ಆದರೂ ಸೋತ ದಿನ ನಾವು ಊಟ ಬಿಡುತ್ತೇವೆ.

ಅಂಥದ್ದೊಂದು ಲಾಟರಿಯಲ್ಲಿ ನನಗೆ ಆ ಬಿಳಿ ಜೊತೆ ಒಲಿಯಿತು. ಮೇಲೆಲ್ಲ ಮೆತ್ತನೆಯ, ಸವರಿದರೆ ಬೆರಳಿನ ಗೆರೆ ಉಳಿಯುವಂಥ ಚರ್ಮ. ಗುಂಪಿನಲ್ಲಿ ಮೂರು ದಿನ ಅದರದ್ದೇ ಮಾತು. ಅದನ್ನು ಬೇರೆಯವುಗಳ ಜೊತೆ ಕಪಾಟಿನೊಳಗೆ ತುಂಬಲು ಮನಸ್ಸು ಬರಲಿಲ್ಲ. ಬಡಗಿಗೆ ಹೇಳಿ ಗಾಜಿನ ಪೆಟ್ಟಿಗೆ ಮಾಡಿಸಿ, ಒಳಗೆ ಸಣ್ಣ ಮರದ ಪೀಠ ಇಟ್ಟು, ಪೀಠದ ಮೇಲೆ ಎರಡನ್ನೂ ಸ್ವಲ್ಪ ವಾರೆಯಾಗಿ ನಿಲ್ಲಿಸಿ, ಮೇಲಿಂದ ಹಳದಿ ಬೆಳಕು ಬೀಳುವ ಪುಟ್ಟ ದೀಪ ಹಾಕಿಸಿದೆ. ಪೆಟ್ಟಿಗೆ ಹಾಲ್‌ನ ಮೂಲೆಗೆ ಬಂತು.

ನನ್ನ ತಾಯಿ ನಮ್ಮ ಜೊತೆಯೇ ಇರುವವರು. ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. "ಮನೆಯೊಳಗೆ ಮೆಟ್ಟು ತಂದಿಟ್ಕಂಡೋರನ್ನ ಎಲ್ಲಾದ್ರೂ ನೋಡೀಯೇನೋ?" ಎಂದು ಮೂರನೆಯ ದಿನ ಕೇಳಿದರು. ಅದು ನೆಲ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ, ನೆಲ ಮುಟ್ಟದ್ದು ಮೆಟ್ಟು ಹೇಗಾಗುತ್ತದೆ ಎಂದು ನಾನು ವಾದಿಸಿದೆ. ಗೊಬ್ಬರದಂಗಡಿಯಲ್ಲಿ ದಿನವಿಡೀ ರೈತರ ಜೊತೆ ಚೌಕಾಸಿ ಮಾಡುವವನಿಗೆ ಇಷ್ಟು ವಾದ ಬರುತ್ತದೆ. ದೇವರ ಕೋಣೆಯ ಕಡೆ ಶೂಗಳ ಮುಖ ಇರಬಾರದು ಎಂಬ ಷರತ್ತಿನ ಮೇಲೆ ಅಮ್ಮ ಸುಮ್ಮನಾದರು.

ಈಗ ಅಜ್ಜಿಯ ವಿಷಯ. ಅಮ್ಮನ ತಾಯಿ. ಹೊಳಲ್ಕೆರೆ ತಾಲ್ಲೂಕಿನಲ್ಲಿ, ರಾಮಗಿರಿಯ ಹತ್ತಿರದ ಹಳ್ಳಿಯಲ್ಲಿ ನಮ್ಮ ಸೋದರಮಾವನ ಮನೆಯಲ್ಲಿರುತ್ತಾರೆ. ಎಂಬತ್ತು ದಾಟಿದೆ, ಬಾಯಿ ಇನ್ನೂ ಚುರುಕು, ಕಣ್ಣಿಗೆ ಮಾತ್ರ ಪೊರೆ ಬಂದು ಮುಚ್ಚಿತ್ತು. ಎರಡೂ ಕಣ್ಣಿಗೆ. ಬೆಳಕು, ನೆರಳು, ಹತ್ತಿರ ಬಂದವರ ಆಕಾರ, ಇಷ್ಟೇ ಕಾಣುತ್ತಿತ್ತು. ಪೊರೆ ಪೂರ್ತಿ ಬಲಿತಿದೆ, ಇನ್ನೂ ಬಿಟ್ಟರೆ ಕಣ್ಣು ಕೈತಪ್ಪುತ್ತದೆ ಎಂದು ಡಾಕ್ಟರು ಹೇಳಿಯಾಗಿತ್ತು. ಅಜ್ಜಿ ಆಪರೇಷನ್‌ಗೆ ಒಪ್ಪುತ್ತಿರಲಿಲ್ಲ. ಅವರ ಓಣಿಯ ಹೆಂಗಸೊಬ್ಬರಿಗೆ ಹಿಂದೆ ಯಾವಾಗಲೋ ಆಪರೇಷನ್ ಆಗಿ ಕಣ್ಣು ಕೀವಾಗಿ ಹೋಗಿತ್ತಂತೆ. ಅಜ್ಜಿ ಅದನ್ನು ಹೋಗಿ ನೋಡಿದ್ದರು. ಆಗ ಅವರಿಗೆ ಚೆನ್ನಾಗಿ ಕಾಣುತ್ತಿತ್ತು, ಅದೇ ಕಷ್ಟ. ಎರಡು ವರ್ಷದಿಂದ ಅಮ್ಮ ಬೇಡಿಕೊಂಡು, ಅತ್ತು, ಜಗಳವಾಡಿ ಸೋತಿದ್ದರು. ಒಂದು ಸಲ ದಿನವೂ ಗೊತ್ತಾಗಿತ್ತು. ಹಿಂದಿನ ಸಂಜೆ ಅಜ್ಜಿ ಯಾರದೋ ಕೈಹಿಡಿದುಕೊಂಡು ಬಸ್ಸು ಹತ್ತಿ ಊರಿಗೆ ಹೋಗಿಬಿಟ್ಟಿದ್ದರು.

ಈ ಸಲ ಅಮ್ಮ, ಮನೆಗೆ ಬಣ್ಣ ಹೊಡೆಸಿದ್ದೇವೆ, ಬಂದು ನೋಡಿ ಹೋಗು ಎಂದು ಕರೆತಂದರು. ಕಣ್ಣು ಕಾಣದವರನ್ನು ಬಣ್ಣ ನೋಡಲು ಕರೆಯುವುದು ಎಂಥ ಉಪಾಯ ಎಂದು ನನಗೆ ಅನ್ನಿಸಿತು. ಅಜ್ಜಿಗೂ ಅನ್ನಿಸಿರಬೇಕು. ಆದರೂ ಬಂದರು.

ಮರುದಿನ ಬೆಳಿಗ್ಗೆ ಅಜ್ಜಿ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು, ಗೋಡೆ ಹಿಡಿದು ಹಾಲ್‌ಗೆ ಬಂದರು. ನಾನು ಪೇಪರ್ ಓದುತ್ತಿದ್ದೆ. ಅವರು ಬೆಳಕು ಕಂಡ ಕಡೆ ಹೋಗುತ್ತಾರೆ, ಹಾಗೆ ಮೂಲೆಯ ಕಡೆ ಹೋದರು. ಗಾಜಿಗೆ ಮುಖ ಹತ್ತಿರ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಕೈ ಮುಗಿದರು.

"ಯಾವ ಸ್ವಾಮಿಗಳ ಪಾದುಕೆನೇ ಇವು?" ಎಂದು ಅಡುಗೆಮನೆ ಕಡೆ ಕೂಗಿ ಕೇಳಿದರು. "ಬೆಳ್ಳೀವಾ?"

ನಾನು ಬಾಯಿ ತೆರೆದೆ. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡು ಬಂದರು, ಹಿಂದೆ ನನ್ನ ಹೆಂಡತಿ.  ಅಜ್ಜಿಯನ್ನು ನೋಡಿ ನಗಬೇಡಿ. ಹಿರಿಯ ಗುರುಗಳ ಪಾದುಕೆಗಳನ್ನು ಗಾಜಿನೊಳಗೆ ಪೀಠದ ಮೇಲೆ ದೀಪ ಹಾಕಿ ಇಟ್ಟಿರುವುದನ್ನು ಅವರು ಮಠಗಳಲ್ಲಿ ನೋಡಿದ್ದಾರೆ. ಗಾಜಿನೊಳಗೆ ಪೀಠದ ಮೇಲೆ ದೀಪ ಹಾಕಿ ಯಾರಾದರೂ ಬೇರೆ ಏನನ್ನಾದರೂ ಇಡಬಹುದು ಎಂದು ಊಹಿಸಲು ಅವರಿಗೆ ಕಾರಣವಿರಲಿಲ್ಲ.

ಉತ್ತರಕ್ಕೆ ಕಾಯದೆ ಅವರೇ ಮಾತು ಮುಂದುವರಿಸಿದರು. "ಗುರುವಿನ ಪಾದುಕೆ ಮನೆಗೆ ಬಂದವೆ, ನಂಗೆ ಒಂದು ಮಾತು ಹೇಳ್ಲಿಲ್ಲ ನೀವು. ಬಣ್ಣ ನೋಡಾಕೆ ಅಂತ ಸುಳ್ಳೇಳಿ ಕರ್ಕಂಡು ಬಂದ್ರಿ ಅಂತ ನಂಗೆ ಗೊತ್ತಿಲ್ವೇನು? ನಿಮ್ಮ ಮಾತಿಗೆ ಬಂದಿಲ್ಲ ಬಿಡು ನಾನು. ಇವು ಕರೆಸ್ಕಂಡವೆ. ಆತು, ಕಣ್ಣು ಮಾಡಿಸ್ಕಂತೀನಿ. ಡಾಕ್ಟ್ರಿಗೆ ಹೇಳು."

ಅಮ್ಮನ ಕೈಯಲ್ಲಿದ್ದ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ಹ್ಞೂಂ ಅವ್ವ, ಹೇಳ್ತೀನಿ" ಎಂದರು. ಆಮೇಲೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುದನಿಯಲ್ಲಿ ಹೇಳಿದರು: "ಅವ್ವನ ಕಣ್ಣು ಬರೋಗಂಟ ಅವು ಪಾದುಕೆನೇ. ನಿನ್ನ ಬಾಯಿಂದ ಶೂ ಅನ್ನೋ ಮಾತು ಬಂತೋ, ಕಪಾಟಿನಾಗಿರೋ ಅಷ್ಟನ್ನೂ ತಗಂಡೋಗಿ ಸಂತೆಪೇಟೆನಾಗೆ ಹಂಚಿಬಿಡ್ತೀನಿ." ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು.

ಆಪರೇಷನ್‌ಗೆ ಮುಂಚೆ ಬಿಪಿ, ಶುಗರ್ ಅಂತ ಒಂದು ವಾರ ಬೇಕಾಯಿತು. ಆ ವಾರ ನಾನು ನನ್ನ ಮನೆಯಲ್ಲಿ ಅರ್ಚಕನಾಗಿದ್ದೆ. ದಿನಾ ಬೆಳಿಗ್ಗೆ ಅಜ್ಜಿ ಬಂದು ನಿಲ್ಲುವ ಮುಂಚೆ ದೀಪ ಹಾಕಬೇಕು, ಗಾಜು ಒರೆಸಬೇಕು, ಎರಡು ಕಣಗಿಲೆ ಹೂವು ಪೆಟ್ಟಿಗೆಯ ಮೇಲೆ ಇಡಬೇಕು. ಹೂವು ಬಿಟ್ಟರೆ ಉಳಿದದ್ದೆಲ್ಲ ನಾನು ಮೊದಲೂ ಮಾಡುತ್ತಿದ್ದ ಕೆಲಸವೇ ಆಗಿದ್ದರಿಂದ ಕಷ್ಟವೇನೂ ಆಗಲಿಲ್ಲ. ಊರಿನಿಂದ ಸೋದರಮಾವ ಫೋನ್ ಮಾಡಿ, "ಅವ್ವ ಏನೋ ಹೇಳ್ತೈತಲ್ಲ, ಯಾವ ಮಠದ್ದಪ್ಪ ಅವು?" ಎಂದು ಕೇಳಿದರು. ಹೊರದೇಶದಿಂದ ಬಂದದ್ದು ಎಂದೆ. ಸುಳ್ಳಲ್ಲ. ಅಲ್ಲೂ ನಮ್ಮ ಮಠದ ಶಾಖೆ ಇದೆ ಎಂದು ಮಾವನಿಗೆ ಹೆಮ್ಮೆಯಾಯಿತು.

ಪಾದುಕೆಗೆ ನೀರೆರೆದು ಆ ನೀರನ್ನು ತೀರ್ಥವಾಗಿ ತಗೊಳ್ಳಬೇಕು ಎಂದು ಅಜ್ಜಿ ಹೇಳಿದ ದಿನ ನನ್ನ ಜೀವ ಬಾಯಿಗೆ ಬಂತು. ಅಜ್ಜಿಯ ಹೊಟ್ಟೆಗಾಗಿ ಹೆದರಿದೆನೋ ಚರ್ಮಕ್ಕಾಗಿ ಹೆದರಿದೆನೋ ಈಗ ಹೇಳುವುದು ಬೇಡ. ಗಾಜು ತೆಗೆಯುವ ಹಾಗಿಲ್ಲ ಅಂತ ಕೊಟ್ಟವರು ಹೇಳಿದ್ದಾರೆ ಎಂದು ಅಮ್ಮ ತಪ್ಪಿಸಿದರು.

ಆದರೆ ಆಪರೇಷನ್ ದಿನ ಅಜ್ಜಿಯನ್ನು ತಡೆಯಲು ಆಗಲಿಲ್ಲ. ಬೆಳಿಗ್ಗೆಯಿಂದ ಅವರ ಕೈ ನಡುಗುತ್ತಿತ್ತು. ಮೊದಲ ಬಾರಿಗೆ ನನಗೆ ಅವರ ಹೆದರಿಕೆ ಎಷ್ಟು ದೊಡ್ಡದು ಎಂದು ಕಂಡಿತು.  "ಒಂದೇ ಒಂದು ಸಲ ಮುಟ್ತೀನಿ ಕಣೇ, ಮುಟ್ಟಿ ಹೋಗ್ತೀನಿ. ಇಲ್ಲಾಂದ್ರೆ ನನ್ನ ಕೈಲಿ ಆಗಲ್ಲ" ಎಂದರು. ಅಮ್ಮ ನನ್ನ ಮುಖ ನೋಡಿದರು. ನಾನೇ ಗಾಜಿನ ಬಾಗಿಲು ತೆಗೆದೆ.

ಅಜ್ಜಿ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ ಒಂದೊಂದು ಶೂವಿನ ಮೂತಿಯ ಮೇಲೂ ಅಡ್ಡಡ್ಡ ಎಳೆದರು. ಒದ್ದೆ ಬೂದಿ ಆ ಚರ್ಮದೊಳಗೆ ಇಳಿಯುವುದನ್ನು ನಾನು ನಿಂತು ನೋಡಿದೆ.

"ಮೆತ್ತಗವೆ" ಎಂದು ಅಜ್ಜಿ ಬೆರಳು ನಿಲ್ಲಿಸಿದರು.

"ಮ್ಯಾಲೆ ಜಿಂಕೆ ಚರ್ಮ ಹೊದೆಸ್ಯಾರೆ ಅಜ್ಜಿ" ಎಂದಳು ನನ್ನ ಹೆಂಡತಿ. ಅವಳು ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲಳು ಎಂದು ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಅಜ್ಜಿ ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, "ನಡೀರಿ, ಹೋಗಾಣ" ಎಂದರು.

ಬಲಗಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತು. ಎಡಗಣ್ಣಿಗೆ ಮುಂದಿನ ತಿಂಗಳು ಎಂದರು. ಒಳಗೆ ಹೆದರಿದಿರಾ ಎಂದು ಕೇಳಿದ್ದಕ್ಕೆ, "ಪಾದುಕೆ ನೆನೆಸ್ಕಂಡೇ ಮಲಗಿದ್ದೆ" ಎಂದರು ಅಜ್ಜಿ. ಅಮ್ಮ ನನ್ನ ಕಡೆ ನೋಡಲಿಲ್ಲ, ನಾನು ಅಮ್ಮನ ಕಡೆ ನೋಡಲಿಲ್ಲ.

ಮರುದಿನ ಪಟ್ಟಿ ಬಿಚ್ಚಿಸಲು ಅಮ್ಮ, ಹೆಂಡತಿ ಇಬ್ಬರೂ ಅಜ್ಜಿಯ ಜೊತೆ ಹೋದರು. ನನಗೆ ಮನೆಯಲ್ಲಿ ಕೆಲಸ ಹಚ್ಚಿದ್ದರು. ಅವರು ಬರುವುದರೊಳಗೆ ಶೂಗಳನ್ನು ಪೆಟ್ಟಿಗೆಯಿಂದ ತೆಗೆದು ಬಚ್ಚಿಡಬೇಕು. ಪಾದುಕೆಗಳನ್ನು ಮಠದವರು ವಾಪಸ್ ತಗೊಂಡು ಹೋದರು ಎಂದು ಹೇಳುವುದು, ಅಲ್ಲಿಗೆ ಎಲ್ಲ ಮುಗಿಯಿತು. ಒಳ್ಳೆಯ ಯೋಜನೆ. ಹಾಗೆ ಮಾಡಿದ್ದರೆ ಈ ಬರಹ ಇರುತ್ತಿರಲಿಲ್ಲ.

ಶೂಗಳನ್ನು ಹೊರಗೆ ತೆಗೆದೆ. ವಿಭೂತಿ ಒಣಗಿ ಗಟ್ಟಿಯಾಗಿ ಕೂತಿತ್ತು. ಬಚ್ಚಿಡುವ ಮುಂಚೆ ಒಂದಿಷ್ಟು ಒರೆಸೋಣ ಎಂದುಕೊಂಡೆ. ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು, ಮಡಿಲಲ್ಲಿ ಬಿಳಿ ಟವೆಲ್ ಹಾಸಿ, ಅದರ ಮೇಲೆ ಶೂ ಇಟ್ಟುಕೊಂಡು, ಹತ್ತಿ, ಹಲ್ಲುಜ್ಜುವ ಹೊಸ ಬ್ರಶ್, ಒಂದು ಬಟ್ಟಲು ನೀರು ಪಕ್ಕದಲ್ಲಿಟ್ಟುಕೊಂಡು ಶುರು ಮಾಡಿದೆ. ಒಂದೇ ದಿಕ್ಕಿಗೆ ಉಜ್ಜಬೇಕು, ಉಸಿರು ಬಿಗಿ ಹಿಡಿದು ಉಜ್ಜಬೇಕು, ನಡುನಡುವೆ ಊದಬೇಕು. ಇದರಲ್ಲಿ ಮುಳುಗಿದವನಿಗೆ ಆಟೋ ಬಂದು ನಿಂತದ್ದು ಕೇಳಿಸಲಿಲ್ಲ.

ತಲೆ ಎತ್ತಿದಾಗ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿ, ಬಲಗಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು. ಅವರು ಹಾಗೆ ನೆಟ್ಟಗೆ ನನ್ನ ಮುಖ ನೋಡಿ ವರ್ಷಗಳಾಗಿದ್ದವು. ಮುಖದಿಂದ ಅವರ ನೋಟ ಮಡಿಲಿಗೆ ಇಳಿಯಿತು.

"ಏನಲೇ ಅದು?"

"ಶೂ ಅಜ್ಜಿ" ಎಂದೆ. ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ಕೇಳಿದವರಿಗೆ ಇನ್ನೇನು ಹೇಳಲಿ?

"ಕೆರ" ಎಂದರು ಅಜ್ಜಿ. ಖಾಲಿ ಪೆಟ್ಟಿಗೆ ನೋಡಿದರು. ಪೀಠ, ದೀಪ, ಬಾಡಿದ ಕಣಗಿಲೆ ಎಲ್ಲವನ್ನೂ ನೋಡಿದರು. ತಮ್ಮ ಬೆರಳುಗಳನ್ನು ನೋಡಿಕೊಂಡರು. ಆಮೇಲೆ ಅಮ್ಮನ ಕಡೆ ತಿರುಗಿದರು. "ನಾನು ಹೆತ್ತ ಮಗಳು ನೀನು. ನನ್ನ ಕೈಲಿ ಕೆರಕ್ಕೆ ಈಬತ್ತಿ ಹಚ್ಚಿಸಿದ್ರಿ. ಹೂವ ಏರಿಸಿದ್ರಿ. ಊರಿಗೆಲ್ಲ ಫೋನ್ ಮಾಡಿ ಹೇಳೀನಿ, ನೀನು ಪಕ್ಕದಾಗೇ ಇದ್ದೆ."

ಅಮ್ಮ ಏನೋ ಹೇಳಲು ಹೋದರು. ಅಜ್ಜಿ ಕೈ ಎತ್ತಿ ತಡೆದರು. "ಇನ್ನೊಂದು ಕಣ್ಣಿನ ಮಾತು ಎತ್ತಬ್ಯಾಡ. ಅದು ಹಿಂಗೇ ಇರ್ಲಿ. ಸಂಜೆ ಬಸ್ಸಿಗೆ ಕಳ್ಸು ನನ್ನ."

ಹೊರಗೆ ಹೋಗಿ ಜಗಲಿ ಮೇಲೆ ಕೂತರು. ಊಟಕ್ಕೆ ಕರೆದರೆ ಬರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಸದ್ದಿಲ್ಲದೆ ಅಳುತ್ತಿದ್ದರು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಎರಡು ವರ್ಷದ ಪಾಡು ಒಂದು ಹಲ್ಲುಜ್ಜುವ ಬ್ರಶ್‌ನಿಂದ ಹಾಳಾಗಿತ್ತು. ಎಡಗಣ್ಣು ಬಲಗಣ್ಣಿಗಿಂತ ಹೆಚ್ಚು ಕೆಟ್ಟಿದೆ, ತಡ ಮಾಡಬೇಡಿ ಎಂದು ಡಾಕ್ಟರು ಅವತ್ತು ಬೆಳಿಗ್ಗೆಯೇ ಹೇಳಿ ಕಳಿಸಿದ್ದರಂತೆ. ನನಗೆ ನನ್ನ ಮೇಲೆ ಅಸಹ್ಯವಾಯಿತು. ಇದರ ನಡುವೆಯೂ ಮಡಿಲಿನ ಶೂ ನೆಲಕ್ಕೆ ಬೀಳದ ಹಾಗೆ ಹುಷಾರಾಗಿ ಪೀಠದ ಮೇಲಿಟ್ಟೇ ಎದ್ದೆ ಎಂಬುದನ್ನು ನೆನೆದರೆ ಇನ್ನೂ ಹೆಚ್ಚು ಅಸಹ್ಯವಾಗುತ್ತದೆ.

ಮಧ್ಯಾಹ್ನ ಇಳಿದ ಮೇಲೆ ಅಜ್ಜಿ ನನ್ನನ್ನು ಕರೆದರು. "ಬಾ ಇಲ್ಲಿ. ಅವನ್ನೂ ತಗಂಬಾ."

ತೆಗೆದುಕೊಂಡು ಬಂದೆ. ಅಜ್ಜಿ ಮುಟ್ಟಲಿಲ್ಲ, ಬಗ್ಗಿ ನೋಡಿದರು. ಹೊಲಿಗೆ, ದಾರ, ಅಟ್ಟೆ ಎಲ್ಲವನ್ನೂ ತಿರುಗಿಸಿ ತಿರುಗಿಸಿ ತೋರಿಸು ಎಂದರು.

"ಇವನ್ನ ಮೆಟ್ಕಂಡು ಎಲ್ಲಿಗೆ ಹೋಗ್ತೀಯ?"

"ಎಲ್ಲಿಗೂ ಇಲ್ಲ ಅಜ್ಜಿ."

"ಯಾಕೆ, ಕಚ್ತಾವಾ?"

"ಇಲ್ಲ. ಹಾಕ್ಕಂಡ್ರೆ ಹಾಳಾಗ್ತಾವೆ."

"ಹಾಕ್ಕಳದೆ ಏನು ಮಾಡ್ತೀಯ ಮತ್ತೆ?"

"ನೋಡ್ತೀನಿ."

"ನೋಡ್ತೀಯ" ಎಂದು ಅಜ್ಜಿ ತಲೆಯಾಡಿಸಿದರು. "ದೀಪ ಯಾರು ಹಚ್ಚಾದು?"

"ನಾನೇ."

"ನಾನು ಬರೋಕೆ ಮುಂಚೇನೂ?"

"ಹ್ಞೂಂ. ದಿನಾ."

"ಒರೆಸಾದು?"

"ಅದೂ ನಾನೇ."

ಅಜ್ಜಿ ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ, ಅನುಮಾನವಿತ್ತು. ಮೊಮ್ಮಗನಿಗೆ ಏನೋ ಕಾಯಿಲೆ ಇರಬಹುದೇ ಎಂದು ವಿಚಾರಿಸುವವರ ದನಿ ಅದು.

"ನಂಗಾದ್ರೆ ಕಣ್ಣು ಕಾಣ್ತಿರ್ಲಿಲ್ಲ ಕಣೋ. ಪಾದುಕೆ ಅಂತ ಕೈ ಮುಗಿದೆ. ನಿಂಗೆ ಎರಡೂ ಕಣ್ಣು ಕಾಣ್ತಾವಲ್ಲ, ನೀನು ಏನಂತ ಮುಗೀತೀಯ?"

ಹೊಸದುರ್ಗದ ಮದುವೆಯಲ್ಲಿ ಊರೆಲ್ಲ ನನ್ನ ಕಾಲು ನೋಡಿ ಮರುಗಿದಾಗ ನನಗೆ ಇಷ್ಟು ನಾಚಿಕೆಯಾಗಿರಲಿಲ್ಲ. ಅಮ್ಮನ ಮುಂದೆ ಹೂಡಿದ ವಾದ, ಗುಂಪಿನಲ್ಲಿ ಆಡುವ ದೊಡ್ಡ ದೊಡ್ಡ ಮಾತು, ಒಂದೂ ನೆರವಿಗೆ ಬರಲಿಲ್ಲ. ಸಂಗ್ರಹ ಎಂದು ಹೇಳಿ ನೋಡಿದೆ. ಅಂದರೆ ಏನು ಎಂದರು. 

ಅಷ್ಟರಲ್ಲಿ ಅಮ್ಮ ಒಂದು ಲೋಟ ಮಜ್ಜಿಗೆ ಹಿಡಿದುಕೊಂಡು ಬಂದು ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಬಿಸಿಲು ಅಮ್ಮನ ತಲೆಯ ಮೇಲೆ ಬೀಳುತ್ತಿತ್ತು. ಅಜ್ಜಿ ಲೋಟ ತಗೊಳ್ಳಲಿಲ್ಲ. ಅಮ್ಮನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು.

"ನಿನ್ನ ತಲೆ ಯಾವಾಗ ಬೆಳ್ಳಗಾತೇ?"

"ಆಗ್ಲೇ ಆಗೈತಲ್ಲವ್ವ."

"ನಂಗೆ ಯಾರೂ ಹೇಳ್ಲೇ ಇಲ್ವಲ್ಲ." ಕೂದಲು ಸರಿಸಿ ಸರಿಸಿ ನೋಡಿದರು. ಹಣೆಯ ಗೆರೆ, ಕಣ್ಣ ಕೆಳಗಿನ ಕಪ್ಪು, ಎಲ್ಲವನ್ನೂ ಹೆಬ್ಬೆರಳಲ್ಲಿ ಸವರಿದರು. "ದನಿ ಅಂಗೇ ಐತೆ. ನಾನು ಅಂಗೇ ಇದ್ದೀಯ ಅಂದ್ಕಂಡಿದ್ದೆ."

ಅಮ್ಮ ಜೋರಾಗಿ ಅತ್ತುಬಿಟ್ಟರು. ನನಗೂ ಕಣ್ಣು ತುಂಬಿ ಬಂತು. ಎರಡು ಕೈಯಲ್ಲೂ ಶೂ ಇದ್ದದ್ದರಿಂದ ಒರೆಸಿಕೊಳ್ಳಲು ಆಗಲಿಲ್ಲ. ಸಂಜೆಯ ಬಸ್ಸಿನ ಹೊತ್ತು ಬಂತು, ಹೋಯಿತು. ಯಾರೂ ಅದರ ಮಾತೆತ್ತಲಿಲ್ಲ. ಅಜ್ಜಿ ಮಜ್ಜಿಗೆ ಕುಡಿದು, ಮನೆಯೊಳಗೆ ಒಂದು ಸುತ್ತು ಹಾಕಿ, ಜೇಡರ ಬಲೆ ಎಲ್ಲೆಲ್ಲಿದೆ ಎಂದು ನನ್ನ ಹೆಂಡತಿಗೆ ತೋರಿಸಿದರು. ಬಣ್ಣ ಚೆನ್ನಾಗಿಲ್ಲ ಎಂದೂ ಹೇಳಿದರು.

ಎರಡು ದಿನ ಕಳೆದು ಊಟ ಮಾಡುತ್ತಾ ತಾವಾಗಿಯೇ ಹೇಳಿದರು. "ಒಂದು ಕಣ್ಣಾಗೇ ಇಷ್ಟು ಕಂಡೈತೆ. ಇನ್ನೊಂದೂ ಬರ್ಲಿ. ಇನ್ನೂ ಏನೇನು ಮುಚ್ಚಿಟ್ಟೀರೋ ನೋಡೇಬಿಡಾಣ."

ಶೂಗಳ ಮೇಲಿನ ಗೆರೆ ಪೂರ್ತಿ ಹೋಗಲೇ ಇಲ್ಲ. ನೋಡಿದರೆ ತೆಳ್ಳಗೆ ಮೂರು ಬೂದುಬಣ್ಣದ ಎಳೆ, ಎರಡಕ್ಕೂ. ಏನು ಮಾಡಿದರೆ ಹೋದೀತು ಎಂದು ಕೇಳಿ ಗುಂಪಿಗೆ ಫೋಟೋ ಹಾಕಿದೆ. ಹಿರಿಯೂರಿನ ಮೆಡಿಕಲ್ ಶಾಪಿನವನು ತಕ್ಷಣ ಫೋನ್ ಮಾಡಿ, "ಯಾರ ಹತ್ರ ಡಿಸೈನ್ ಮಾಡ್ಸಿದ್ಯೋ? ಭಾರಿ ಐತೆ ಮಾರಾಯ, ನಂದೂ ಒಂದು ಜೊತೆ ಮಾಡ್ಸಿಕೊಡು" ಎಂದ. ಮಾಡಿಕೊಡುವವರಿಗೆ ಈಗ ಕಣ್ಣು ಬಂದಿದೆ, ಇನ್ನು ಮಾಡುವುದಿಲ್ಲ ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಎಡಗಣ್ಣಿನ ದಿನ ಬಂತು. ಬಾಯಲ್ಲಿ ಎಷ್ಟೇ ಜೋರು ಮಾತಾಡಿದ್ದರೂ ಬೆಳಿಗ್ಗೆ ನೋಡಿದರೆ ಅಜ್ಜಿಯ ಕೈ ಮತ್ತೆ ನಡುಗುತ್ತಿತ್ತು. ಮೊದಲ ಸಲಕ್ಕಿಂತ ಹೆಚ್ಚು. ಆಗ ಹಿಡಿದುಕೊಳ್ಳಲು ಏನೋ ಒಂದಿತ್ತು, ಈ ಸಲ ಅದೂ ಇರಲಿಲ್ಲ. ಅದನ್ನು ಅವರಿಂದ ಕಿತ್ತುಕೊಂಡವನು ನಾನೇ ಎಂದು ನೆನೆದು ನನಗೆ ಸಂಕಟವಾಯಿತು. ಅವರು ಪೂಜೆ ಮುಗಿಸಿ, ತೇಯ್ದ ವಿಭೂತಿಯ ಬಟ್ಟಲು ಹಿಡಿದುಕೊಂಡೇ ಹಾಲ್‌ಗೆ ಬಂದರು. ರೂಢಿಯಿಂದಲೋ ಏನೋ ಮೂಲೆಯ ಗಾಜಿನ ಪೆಟ್ಟಿಗೆಯ ಮುಂದೆ ಹೋಗಿ ನಿಂತರು. ಶೂಗಳು ಒಳಗೇ ಇದ್ದವು. 

ಅಜ್ಜಿ ಬೆರಳುಗಳನ್ನು ಬಟ್ಟಲಲ್ಲಿ ಅದ್ದಿದರು. ಒಂದು ಗಳಿಗೆ ಶೂಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಬಗ್ಗು" ಎಂದರು.

ಬಗ್ಗಿದೆ. ನಡುಗುವ ಮೂರು ಬೆರಳು ನನ್ನ ಹಣೆಯ ಈ ತುದಿಯಿಂದ ಆ ತುದಿಯವರೆಗೆ ತಣ್ಣಗೆ ಹರಿದವು.

"ಅದಕ್ಕೆ ಹಚ್ಚಿದ್ರೆ ಉಜ್ಜಿ ತೆಗೀತೀಯ" ಎಂದರು. "ಇದನ್ನ ಒರೆಸ್ಕಬ್ಯಾಡ ಕಣಪ್ಪ, ನಾನು ಹೊರಗೆ ಬರೋಗಂಟ."

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಷ್ಟು ಹೊತ್ತೂ ವಿಭೂತಿ ಒಣಗಿ ಹಣೆ ತುರಿಸುತ್ತಿತ್ತು. ಒಳಗಿನಿಂದ ಅಜ್ಜಿಯನ್ನು ಕರೆದುಕೊಂಡು ಬರುವವರೆಗೆ ನಾನು ಕೈ ಎತ್ತಲಿಲ್ಲ.